ರುಮಟಾಯ್ಡ್ ಸಂಧಿವಾತ ಮತ್ತು ಹೃದಯ: ಉರಿಯೂತದ ಪ್ರೋಟೀನುಗಳ ಜಾಡು

ರುಮಟಾಯ್ಡ್ ಸಂಧಿವಾತದಲ್ಲಿ ರೋಗನಿರೋಧಕ ವ್ಯವಸ್ಥೆ ಎರಗುವುದು ಕೀಲುಗಳ ಒಳಪೊರೆಯ ಮೇಲಾದರೂ, ರೋಗಿಗಳ ಆಯುಷ್ಯವನ್ನು ಮೊಟಕುಗೊಳಿಸುವುದು ಬಹುಮಟ್ಟಿಗೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆ. ಇಂಥ ಸಾವಿನ ಸಂಭವ ಸಾಮಾನ್ಯ ಜನರಿಗಿಂತ ಸುಮಾರು ಶೇ 50ರಷ್ಟು ಹೆಚ್ಚೆಂದು 2008ರ ಒಂದು ಸಮಗ್ರ ವಿಶ್ಲೇಷಣೆ ಅಂದಾಜಿಸಿತು. ಧೂಮಪಾನ, ರಕ್ತದೊತ್ತಡಗಳಷ್ಟರಿಂದಲೇ ಈ ಹೆಚ್ಚಳವನ್ನು ವಿವರಿಸಲಾಗದೆ ಸಂಶೋಧಕರ ದೃಷ್ಟಿ ಉರಿಯೂತದ ಪ್ರೋಟೀನುಗಳತ್ತ ಹೊರಳಿತು.

ಅವುಗಳಲ್ಲಿ ಹೆಚ್ಚು ಪರಿಚಿತವಾದ ಸಿ-ರಿಯಾಕ್ಟಿವ್ ಪ್ರೋಟೀನನ್ನು, ಅಂದರೆ ಸಿಆರ್‌ಪಿಯನ್ನು, ಟಿಲೆಟ್ ಮತ್ತು ಫ್ರಾನ್ಸಿಸ್ 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಗುರುತಿಸಿದ್ದರು. ಆರೋಗ್ಯವಂತರಂತೆ ಕಾಣುವ ಪುರುಷರಲ್ಲಿಯೂ ಇದರ ಮಟ್ಟ ಹೆಚ್ಚಿದ್ದವರಿಗೆ ಮುಂದೆ ಹೃದಯಾಘಾತ ಹೆಚ್ಚೆಂದು ರಿಡ್ಕರ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರೆ, ರಕ್ತನಾಳ ಪೆಡಸಾಗುವುದೇ ಒಂದು ಉರಿಯೂತವೆಂದು ರಸೆಲ್ ರಾಸ್ 1999ರಲ್ಲಿ ವಾದಿಸಿದರು. ಆದರೆ ಹುಟ್ಟಿನಿಂದಲೇ ಸಿಆರ್‌ಪಿ ಹೆಚ್ಚಿಸುವ ವಂಶವಾಹಿಗಳಿದ್ದವರಲ್ಲಿ ಹೃದ್ರೋಗ ಹೆಚ್ಚಿಲ್ಲವೆಂದು ತಿಳಿದಾಗ, ಅದು ಉರಿಯೂತದ ಕುರುಹೇ ಹೊರತು ಕಾರಣವಲ್ಲವೆಂಬುದು ಬಹುಮಟ್ಟಿಗೆ ಸ್ಪಷ್ಟವಾಯಿತು. ಯಕೃತ್ತಿನಲ್ಲಿ ಅದರ ಉತ್ಪಾದನೆಗೆ ಪ್ರಚೋದನೆ ನೀಡುವ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಪ್ರೋಟೀನಿನ ಮೇಲಿನ ಅನುಮಾನ ಮಾತ್ರ ಇಂಥದೇ ಅಧ್ಯಯನಗಳಿಂದ ಇನ್ನಷ್ಟು ಬಲವಾಯಿತು.

ಈ ಕ್ಷೇತ್ರದ ಅತ್ಯಂತ ಕುತೂಹಲಕರ ಗಂಟು ಕೊಲೆಸ್ಟರಾಲಿನದು. ಉರಿಯೂತ ತೀವ್ರವಾಗಿರುವ ಸಂಧಿವಾತ ರೋಗಿಯ ರಕ್ತಪರೀಕ್ಷೆಯ ವರದಿಯಲ್ಲಿ 'ಕೆಟ್ಟ' ಕೊಲೆಸ್ಟರಾಲ್ ಎನಿಸಿಕೊಂಡ ಎಲ್‌ಡಿಎಲ್ ಎಷ್ಟೋ ಬಾರಿ ಕಡಿಮೆಯೇ ಇರುತ್ತದೆ. ಹಾಗಿದ್ದೂ ಹೃದಯದ ಅಪಾಯ ಹೆಚ್ಚು. ಇಂಟರ್‌ಲ್ಯೂಕಿನ್-6ರ ಗ್ರಾಹಕವನ್ನು ತಡೆಯುವ ಟೊಸಿಲಿಜುಮ್ಯಾಬ್ ಕೊಟ್ಟಾಗ ಸಿಆರ್‌ಪಿ ಕುಸಿದು ಎಲ್‌ಡಿಎಲ್ ಏರುತ್ತದೆ. ಈ ಏರಿಕೆಯಿಂದ ಹಾನಿಯಾದೀತೆಂಬ ಭಯದಿಂದ ಸುಮಾರು 3,000 ರೋಗಿಗಳಲ್ಲಿ ಅದನ್ನು ಸಂಧಿವಾತದ ಇನ್ನೊಂದು ಔಷಧವಾದ ಎಟನರ್ಸೆಪ್ಟ್‌ನೊಡನೆ ಹೋಲಿಸಿದ ಪ್ರಯೋಗದಲ್ಲಿ ಹೃದಯಾಘಾತ ಮೊದಲಾದ ಘಟನೆಗಳ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು.

ಉರಿಯೂತವನ್ನು ಹೇಗೆ ತಗ್ಗಿಸಿದರೂ ಹೃದಯಕ್ಕೆ ಹಿತವೆಂಬ ಸರಳ ನಂಬಿಕೆ ನಿಲ್ಲಲಿಲ್ಲ. ಸಂಧಿವಾತಕ್ಕಲ್ಲ, ಹಿಂದೆ ಹೃದಯಾಘಾತವಾಗಿದ್ದವರಿಗೇ ನಡೆದ 2017ರ ಕ್ಯಾಂಟೋಸ್ ಪ್ರಯೋಗದಲ್ಲಿ ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕ್ಯಾನಾಕಿನುಮ್ಯಾಬ್ ಔಷಧವು ಪ್ರಮುಖ ಘಟನೆಗಳನ್ನು ಸುಮಾರು ಶೇ 15ರಷ್ಟು ಇಳಿಸಿತು, ಜೊತೆಗೆ ಮಾರಕ ಸೋಂಕುಗಳನ್ನು ಹೆಚ್ಚಿಸಿತು. ಸಂಧಿವಾತದ ಚಿಕಿತ್ಸೆಯಲ್ಲಿ ಬೆನ್ನೆಲುಬಾದ ಮೆಥೋಟ್ರೆಕ್ಸೇಟ್ ಅನ್ನು ಹೃದ್ರೋಗಿಗಳಿಗೆ ಅಲ್ಪ ಪ್ರಮಾಣದಲ್ಲಿ ಕೊಟ್ಟ ಸರ್ಟ್ ಪ್ರಯೋಗದಲ್ಲಿ ಸಿಆರ್‌ಪಿಯೂ ಇಳಿಯಲಿಲ್ಲ, ಅಪಾಯವೂ ತಗ್ಗಲಿಲ್ಲ. ಹೃದಯದ ಅಪಾಯವಿದ್ದ, 50 ದಾಟಿದ ಸಂಧಿವಾತ ರೋಗಿಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಧಿವಾತದ ಮತ್ತೊಂದು ಔಷಧವಾದ ಟೊಫಾಸಿಟಿನಿಬ್ ಪಡೆದವರ ಪೈಕಿ ಶೇ 3.4 ಮಂದಿಗೆ, ಟಿಎನ್‌ಎಫ್ ಪ್ರೋಟೀನನ್ನು ತಡೆಯುವ ಔಷಧ ಪಡೆದವರ ಪೈಕಿ ಶೇ 2.5 ಮಂದಿಗೆ ಇಂಥ ಘಟನೆಗಳಾದವು.

ಚಿಕಿತ್ಸಾಲಯದ ಲೆಕ್ಕಾಚಾರ ಮಾತ್ರ ಇನ್ನೂ ಒರಟಾಗಿಯೇ ಇದೆ. ಸಾಮಾನ್ಯರಿಗಾಗಿ ರೂಪಿಸಿದ ಅಪಾಯದ ಅಂಕವನ್ನು ಸಂಧಿವಾತ ರೋಗಿಗಳಿಗೆ 1.5ರಿಂದ ಗುಣಿಸಬೇಕೆಂಬುದು ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟದ ಸಲಹೆ. ರೋಗ ಹತೋಟಿಗೆ ಬಂದವರಿಗೂ ವರ್ಷಗಟ್ಟಲೆ ಉರಿಯೂತದಲ್ಲಿ ಬೇಯುತ್ತಿರುವವರಿಗೂ ಒಂದೇ ಗುಣಕವನ್ನು ಅನ್ವಯಿಸುವ ಈ ಸೂತ್ರವು, ಇಷ್ಟೆಲ್ಲ ಚರ್ಚೆಗೆ ಕಾರಣವಾದ ಪ್ರೋಟೀನುಗಳಲ್ಲಿ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.