ಪಾದ್ರಿಯ ಬೇಸರ, ಪಾದ್ರಿಯ ಭರವಸೆ

ಬೀದರಿನ ಗಾಂಧಿ ಗಂಜಿನ ಅಡತಿ ಅಂಗಡಿಗಳ ಮುಂದೆ ಸುಗ್ಗಿಯ ದಿನಗಳಲ್ಲಿ ಒಂದು ಗಳಿಗೆ ನಿಂತು ನೋಡಬೇಕು. ಭಾಲ್ಕಿಯ ಕಡೆಯಿಂದ, ಔರಾದಿನ ಕಡೆಯಿಂದ ಬಂದ ತೊಗರಿ ಕಡಲೆಗಳ ಚೀಲಗಳು ಸಾಲುಗಟ್ಟಿ ಕುಳಿತಿರುತ್ತವೆ. ಕೊಳ್ಳುವವನು ಚೀಲದ ಮೇಲೆ ಬರೆದ ಗುರುತನ್ನು ನೋಡಿ ಬೆಲೆ ಹೇಳುವುದಿಲ್ಲ. ಬಾಯಿ ಬಿಚ್ಚಿಸಿ, ಒಂದು ಹಿಡಿ ಕಾಳನ್ನು ಅಂಗೈಗೆ ಹಾಕಿಕೊಂಡು, ಊದಿ, ಒಂದೆರಡನ್ನು ಹಲ್ಲಿನಿಂದ ಕಡಿದು ನೋಡಿ ಆಮೇಲೆ ಬಾಯಿ ಬಿಡುತ್ತಾನೆ. ಗುರುತು ಚೀಲದ್ದು, ಬೆಲೆ ಕಾಳಿನದು. ಇದು ಗಂಜಿನ ಹಮಾಲನಿಗೂ ಗೊತ್ತಿರುವ ಮಾತು. ಧರ್ಮದ ವಿಷಯಕ್ಕೆ ಬಂದಾಗ ಮಾತ್ರ ದೊಡ್ಡ ದೊಡ್ಡವರೂ ಇದನ್ನು ಮರೆತುಬಿಡುತ್ತಾರೆ.

ಕ್ರೈಸ್ತಸಭೆಯ ಚರಿತ್ರೆಯನ್ನು ಓದುವಾಗ ಈ ಗಂಜಿನ ನೆನಪಾಗದೆ ಇರದು. ಸಭೆಯ ಒಳಜಗಳ ಇಂದು ನಿನ್ನೆಯದಲ್ಲ. ಏಸು ತೀರಿಕೊಂಡು ಮೂವತ್ತು ವರ್ಷ ತುಂಬುವ ಮೊದಲೇ, ಕೊರಿಂಥದ ಸಭೆಯಲ್ಲಿ ಕೆಲವರು ಪೌಲನ ಹೆಸರು ಹಿಡಿದು, ಕೆಲವರು ಅಪೊಲ್ಲೋಸನ ಹೆಸರು ಹಿಡಿದು ಪಂಗಡ ಕಟ್ಟಿಕೊಂಡಿದ್ದರು. ಪೌಲನು ನೊಂದು ಅವರಿಗೆ ಕಾಗದ ಬರೆಯಬೇಕಾಯಿತು. ಅಂದಿನಿಂದ ಇಂದಿನವರೆಗೆ ಆಸ್ತಿಗಾಗಿ, ಅಧಿಕಾರಕ್ಕಾಗಿ, ಜಾತಿಗಾಗಿ, ಒಂದು ಶಬ್ದದ ಅರ್ಥಕ್ಕಾಗಿ ಸಭೆಗಳು ಒಡೆಯುತ್ತಲೇ ಬಂದಿವೆ. ಇದರ ನಡುವೆ ಸಿಕ್ಕಿಕೊಂಡವನ ಪಾಡು ಯಾರಿಗೂ ಬೇಡ. ಅವನೇ ಪಾದ್ರಿ. ಭಾನುವಾರ ಪೀಠವೇರಿ, ನೆರೆಯವನನ್ನು ಪ್ರೀತಿಸಬೇಕೆಂದು ಬೋಧಿಸಿ ಕೆಳಗಿಳಿಯುತ್ತಾನೆ. ಸೋಮವಾರ ಸಭೆಯ ಹಿರಿಯರು ಒಬ್ಬರ ಮೇಲೊಬ್ಬರು ದೂರು ಹೊತ್ತು ಅವನ ಬಾಗಿಲಿಗೇ ಬರುತ್ತಾರೆ. ಪ್ರೀತಿಯ ಬೋಧನೆಗೆ ತಲೆದೂಗಿದವರೂ ಜಗಳದ ಕಾಗದಕ್ಕೆ ಸಹಿ ಹಾಕಿದವರೂ ಬೇರೆಬೇರೆಯವರಲ್ಲ. ಹೀಗಿರುವಾಗ ಬೋಧಕನಿಗೆ ತನ್ನ ಬೋಧನೆಯಲ್ಲಿಯೇ ನಂಬಿಕೆ ಹೋದರೆ ಆಶ್ಚರ್ಯವೇನು?

ಕನ್ನಡ ನಾಡಿನಲ್ಲಿ ಈ ತೊಡಕಿಗೆ ಇನ್ನೊಂದು ಎಳೆಯೂ ಸೇರಿಕೊಂಡಿತ್ತು. ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಿಗೆ ಬಂದದ್ದು ಬಾಸೆಲ್ ಮಿಷನ್ನು. ಬಳ್ಳಾರಿಗೆ ಲಂಡನ್ ಮಿಷನ್ನು. ಮೈಸೂರು ಸೀಮೆಗೆ ಇಂಗ್ಲೆಂಡಿನ ವೆಸ್ಲಿಯನ್ನರು. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರಿಗೆ ಅಮೆರಿಕದ ಮೆಥೊಡಿಸ್ಟರು. ರೋಮನ್ ಕೆಥೊಲಿಕರು ಇವರೆಲ್ಲರಿಗಿಂತ ಬಹು ಮುಂಚೆಯೇ ಕರಾವಳಿಯಲ್ಲಿ ನೆಲೆಯೂರಿದ್ದರು. ಬೆಟಗೇರಿಯ ನೇಕಾರನೊಬ್ಬ ಬಾಸೆಲ್ ಸಭೆಯವನಾದದ್ದೂ ಬೀದರ ಸೀಮೆಯ ಹೊಲಗೇರಿಯವನೊಬ್ಬ ಮೆಥೊಡಿಸ್ಟನಾದದ್ದೂ ಶಾಸ್ತ್ರವಿಚಾರ ಮಾಡಿ ಅಲ್ಲ. ಯಾವ ಊರಿಗೆ ಯಾವ ಮಿಷನ್ನು ಬಂದಿತೆಂಬುದೇ ಅದನ್ನು ನಿರ್ಧರಿಸಿತು. ಯುರೋಪಿನಲ್ಲಿ ಎಂದೋ ನಡೆದುಹೋದ ಜಗಳಗಳ ಪಾಲುಪಟ್ಟಿ, ಆ ಜಗಳದ ಗಂಧವೂ ಇಲ್ಲದ ಕನ್ನಡಿಗನ ಕೈಗೆ ಬಂದಿತು.

ಈ ಗೋಡೆಗಳು ಮೊದಲು ಚುಚ್ಚಿದ್ದು ಹೊರಗಿನವರಿಗಲ್ಲ, ಒಳಗಿನ ಒಳ್ಳೆಯವರಿಗೆ. ಫರ್ಡಿನಂಡ್ ಕಿಟೆಲ್ಲರ ಹೆಸರನ್ನು ಅರಿಯದ ಕನ್ನಡಿಗನಿಲ್ಲ. ಅವರು 1853ರಲ್ಲಿ ಬಾಸೆಲ್ ಮಿಷನ್ನಿನವರಾಗಿ ಇಲ್ಲಿಗೆ ಬಂದಾಗ ಇಪ್ಪತ್ತೊಂದರ ತರುಣ. ಭಾರತೀಯರಿಗೆ ಬೋಧಿಸಬೇಕಾದರೆ ಭಾರತೀಯನಂತೆ ಬಾಳಬೇಕೆಂಬುದು ಅವರ ಹಟ. ಕಾಲ್ನಡಿಗೆಯಲ್ಲಿ ತಿರುಗಿದರು, ಜನರ ಮಾತನ್ನು ಜನರ ಬಾಯಿಂದಲೇ ಕಲಿತರು. ಜೊತೆಯ ಮಿಷನರಿಗಳಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ದೇಶೀಯರಿಂದ ಅಷ್ಟು ದೂರದಲ್ಲಿರುವುದೇ ಮರ್ಯಾದೆಯೆಂದು ಅವರು ಬಗೆದಿದ್ದರು. ಕಿಟೆಲ್ಲರು ತಮ್ಮವರ ನಡುವೆಯೇ ಪರಕೀಯರಾದರು. ಬೋಧನೆಯ ಕಣದಿಂದ ಬದಿಗೆ ಸರಿದ ಆ ಮನುಷ್ಯ ಶಬ್ದಗಳ ಕಣದಲ್ಲಿ ಕುಳಿತು ಹತ್ತಾರು ವರ್ಷ ದುಡಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಬಂದ, ಸುಮಾರು 70,000 ಶಬ್ದಗಳ ನಿಘಂಟು ಆ ದುಡಿಮೆಯ ಫಲ. ಎಷ್ಟು ಜನರಿಗೆ ಅವರು ದೀಕ್ಷಾಸ್ನಾನ ಕೊಟ್ಟರೆಂದು ಇಂದು ಯಾರೂ ಕೇಳುವುದಿಲ್ಲ. ನಿಘಂಟನ್ನಾದರೋ ಕನ್ನಡಿಗರೆಲ್ಲರೂ, ಜಾತಿ ಮತಗಳ ಎಣಿಕೆಯಿಲ್ಲದೆ, ತಮ್ಮದೆಂದು ಅಪ್ಪಿಕೊಂಡಿದ್ದಾರೆ.

ಬೀದರಿನಿಂದ ಪಶ್ಚಿಮಕ್ಕೆ ಹೋದರೆ ಮರಾಠಿಯ ಸೀಮೆ. ಅಲ್ಲಿ ಇದೇ ಬೇಸರ ಇನ್ನೊಂದು ದಾರಿ ಹಿಡಿಯಿತು. ನಾರಾಯಣ ವಾಮನ ಟಿಳಕರು ಚಿತ್ಪಾವನ ಬ್ರಾಹ್ಮಣರಾಗಿ ಹುಟ್ಟಿ, 1895ರಲ್ಲಿ ಮುಂಬಯಿಯಲ್ಲಿ ಕ್ರೈಸ್ತರಾದವರು. ಮರಾಠಿಯ ಹೆಸರಾಂತ ಕವಿ. ಅಹಮದನಗರದಲ್ಲಿ ಅಮೆರಿಕನ್ ಮಿಷನ್ನಿನ ಸೇವೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದರು. ಆದರೆ ವರ್ಷ ಕಳೆದಂತೆಲ್ಲ ಅವರಿಗೆ ಒಂದು ಸಂಶಯ ಬಲವಾಗುತ್ತ ಬಂದಿತು. ಮಿಷನ್ನಿನ ಸಂಬಳ ತಿಂದು ಏಸುವಿನ ಮಾತನಾಡುವವನನ್ನು ಜನ ಸಂಬಳಗಾರನೆಂದು ಎಣಿಸುವರೇ ಹೊರತು ಭಕ್ತನೆಂದು ಎಣಿಸುವರೇ? 1917ರಲ್ಲಿ ಅವರು ಸಂಬಳವನ್ನೂ ಮಿಷನ್ನನ್ನೂ ಬಿಟ್ಟು ಸಾತಾರೆಗೆ ಹೋಗಿ ‘ದೇವರ ದರಬಾರು’ ಎಂಬ ಸಹೋದರ ಮಂಡಲಿಯನ್ನು ಕಟ್ಟಿದರು. ದೀಕ್ಷಾಸ್ನಾನವಾದವರಿಗೂ ಆಗದವರಿಗೂ ಅಲ್ಲಿ ಬಾಗಿಲು ತೆರೆದಿತ್ತು. ಏಸುವನ್ನು ಗುರುವೆಂದು ನಂಬಿ ನಡೆದರೆ ಸಾಕು. ಎರಡು ವರ್ಷ ತುಂಬುವುದರೊಳಗೆ, 1919ರ ಮೇ ತಿಂಗಳಲ್ಲಿ, ಟಿಳಕರು ತೀರಿಕೊಂಡರು. ದರಬಾರು ಬೇರೂರಲು ಕಾಲ ಸಾಲಲಿಲ್ಲ.

ಕಿಟೆಲ್ಲರು ಒಳಗೇ ಒಂಟಿಯಾದರು. ಟಿಳಕರು ಹೊರಗೆ ಬಂದರು. ಕನ್ನಡಿಗರಲ್ಲೇ ಹುಟ್ಟಿದ ಮೂರನೆಯವರೊಬ್ಬರು ಈ ಎರಡನ್ನೂ ಮಾಡದೆ ಮೂರನೆಯ ಹಾದಿಯನ್ನು ತುಳಿದರು. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು.

ಚನ್ನಪ್ಪನವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಮೂಲತಃ ಲಿಂಗವಂತರಾಗಿದ್ದು ಕ್ರೈಸ್ತರಾದ ಮನೆತನ. ಮನೆತನದ ಹೆಸರು ಬಂದದ್ದು ಹಡಗಲಿ ಸೀಮೆಯ ಉತ್ತಂಗಿಯಿಂದ. ಮಂಗಳೂರಿನ ಬಾಸೆಲ್ ಮಿಷನ್ ದೈವಜ್ಞಾನ ಶಾಲೆಯಲ್ಲಿ ಓದಿ ಬೋಧಕರಾದರು. ಪಾದ್ರಿಯ ನಿಲುವಂಗಿ ತೊಟ್ಟ ಮೇಲೂ ಹೆಸರು ಚನ್ನಪ್ಪನಾಗಿಯೇ ಉಳಿಯಿತು. ಊರೂರು ತಿರುಗಿ ಬೋಧಿಸುವ ಕೆಲಸದಲ್ಲಿ ಅವರಿಗೆ ಒಂದು ಸತ್ಯ ಗೋಚರವಾಯಿತು. ಹಳ್ಳಿಯ ರೈತ ಪಾದ್ರಿಯ ಮಾತನ್ನು ಕೇಳುತ್ತಾನೆ, ಎದುರಾಡುವುದಿಲ್ಲ, ಎದ್ದು ಹೋಗುತ್ತಾನೆ. ಆದರೆ ಅದೇ ರೈತ ನಡೆ ನುಡಿಗಳ ಮಾತು ಬಂದಾಗ ಸರ್ವಜ್ಞನ ತ್ರಿಪದಿಯೊಂದನ್ನು ಹೇಳಿ ತೀರ್ಪು ಕೊಟ್ಟುಬಿಡುತ್ತಾನೆ. ಜನರ ಮನಸ್ಸಾಕ್ಷಿ ಇರುವುದು ಎಲ್ಲಿ ಎಂಬುದು ಚನ್ನಪ್ಪನವರಿಗೆ ಹೊಳೆಯಿತು.

1921ರಲ್ಲಿ ಅವರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಪುಸ್ತಕವನ್ನು ಹೊರತಂದರು. ಹೆಸರನ್ನು ಗಮನಿಸಬೇಕು. ಅದು ಆಜ್ಞೆಯಲ್ಲ, ವಿನಂತಿ. ಯೆಹೂದ್ಯರಿಗೆ ಅವರ ಹಳೆಯ ಒಡಂಬಡಿಕೆ ಹೇಗೆ ಏಸುವಿನ ಕಡೆಗೆ ದಾರಿ ತೋರಿತೋ ಹಾಗೆಯೇ ಭಾರತೀಯನಿಗೆ ಅವನ ಪೂರ್ವಿಕರ ಧರ್ಮಗ್ರಂಥಗಳೇ ಹಳೆಯ ಒಡಂಬಡಿಕೆಯಾಗಬಲ್ಲವು ಎಂಬುದು ಅವರ ನಿಲುವು. ತನ್ನ ಹಿರಿಯರನ್ನು ಹಳಿದು ಕ್ರೈಸ್ತನಾಗಬೇಕಾದ ಕಾರಣವಿಲ್ಲ ಎಂಬುದೇ ಇದರ ತಾತ್ಪರ್ಯ. ಇಂದು ಇದು ಸೌಮ್ಯವಾಗಿ ಕೇಳಿಸಬಹುದು. ಅಂದು ಮಿಷನ್ನಿನ ಕಟ್ಟಾಳುಗಳ ಕಿವಿಗೆ ಅದು ಸಹನೆಯ ಎಲ್ಲೆಯನ್ನು ಮೀರಿದ ಮಾತು.

ಸ್ವಂತ ಸಭೆಯ ಅನುಮಾನವನ್ನು ಎದುರಿಸುವಾಗ ಮನುಷ್ಯನು ಸಾಮಾನ್ಯವಾಗಿ ವಾದಕ್ಕಿಳಿಯುತ್ತಾನೆ. ಕರಪತ್ರಕ್ಕೆ ಪ್ರತಿಯಾಗಿ ಕರಪತ್ರ ಹೊರಡಿಸುತ್ತಾನೆ. ಚನ್ನಪ್ಪನವರು ಹಿಡಿದದ್ದು ಓಲೆಗರಿಗಳನ್ನು. ಊರೂರಿನ ಕೈಬರಹಗಳನ್ನು ಹುಡುಕಿದರು, ಮುದುಕರ ಬಾಯಿಂದ ಕೇಳಿ ಬರೆದುಕೊಂಡರು, ಪಾಠಗಳನ್ನು ಹೋಲಿಸಿದರು. 1924ರಲ್ಲಿ ಸರ್ವಜ್ಞನ ಸುಮಾರು ಎರಡು ಸಾವಿರ ವಚನಗಳು ಒಂದು ಹೊತ್ತಿಗೆಯಾಗಿ ಹೊರಬಂದವು. ಅದಕ್ಕೆ ಒಂದು ವರ್ಷ ಮೊದಲು, 1923ರಲ್ಲಿ, ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಬಂದಿತ್ತು. ಶರಣರ ವಚನಗಳನ್ನು ಬೆಳಕಿಗೆ ತಂದವರು ವಕೀಲರು. ಸರ್ವಜ್ಞನನ್ನು ತಂದವರು ಪಾದ್ರಿಗಳು! ಪಂಡಿತರ ಪೀಠಗಳಿಂದ ದೂರದಲ್ಲಿದ್ದವರೇ ಈ ಕೆಲಸಕ್ಕೆ ಮುಂದಾದದ್ದು ನಮ್ಮ ಸಾಹಿತ್ಯ ಚರಿತ್ರೆಯ ಒಂದು ಸೊಗಸು.

ಆದರೆ ಇದರ ಬೆಲೆಯನ್ನು ಅವರು ಎರಡು ಕಡೆಯಿಂದ ತೆರಬೇಕಾಯಿತು. ಕ್ರೈಸ್ತರಲ್ಲಿ ಕೆಲವರಿಗೆ, ಈ ಪಾದ್ರಿ ಸತ್ಯವೇದವನ್ನು ಬಿಟ್ಟು ವಚನಗಳ ಬೆನ್ನು ಹತ್ತಿದ್ದಾನೆಂಬ ಅಸಮಾಧಾನ. ಹಿಂದುಗಳಲ್ಲಿ ಕೆಲವರಿಗೆ, ವಚನಗಳ ನೆಪದಲ್ಲಿ ಮತಕ್ಕೆ ಸೆಳೆಯಲು ಬಂದಿದ್ದಾನೆಂಬ ಗುಮಾನಿ. ಎರಡು ದಡಗಳಿಂದಲೂ ಕಲ್ಲು ಬೀಳುತ್ತಿರುವಾಗ ನಡುಹೊಳೆಯಲ್ಲಿ ನಿಲ್ಲುವುದು ಸುಲಭವಲ್ಲ. ಅವರು ನಿಂತರು. ಕ್ರೈಸ್ತತನವನ್ನು ಬಿಡಲಿಲ್ಲ, ಮುಚ್ಚಿಡಲೂ ಇಲ್ಲ. ಕಡೆಯವರೆಗೂ ಏಸುವಿನ ಬೋಧಕರಾಗಿಯೇ ಉಳಿದರು. ನೆರೆಯವನನ್ನು ಪ್ರೀತಿಸುವುದೆಂದರೆ ಅವನ ಮನೆಯ ಒಡವೆಯನ್ನು ಧೂಳು ಒರಸಿ ಅವನ ಕೈಗೇ ಕೊಡುವುದು ಎಂದು ಅವರು ಅರ್ಥ ಮಾಡಿಕೊಂಡಿದ್ದರೆಂದು ತೋರುತ್ತದೆ. ನೂರು ಪ್ರಸಂಗಗಳಿಂದ ಆಗದ ಬೋಧನೆ ಇದರಿಂದ ಆಯಿತು.

ಈಗ ಬೀದರಿಗೆ ಮರಳೋಣ. ಬಸವಕಲ್ಯಾಣ ಈ ಜಿಲ್ಲೆಯ ಊರು. ಹನ್ನೆರಡನೆಯ ಶತಮಾನದಲ್ಲಿ ಶರಣರು ಕೂಡಿ ಕುಳಿತು ವಿಚಾರ ಮಾಡಿದ ಅನುಭವ ಮಂಟಪ ನಿಜವಾಗಿ ಇತ್ತೋ, ಅಥವಾ ಹಿಂದಿನವರ ಕಲ್ಪನೆಯೋ ಎಂಬ ಚರ್ಚೆ ವಿದ್ವಾಂಸರಲ್ಲಿ ಎದ್ದಿತ್ತು. ಆಗ ಮಂಟಪದ ಪರವಾಗಿ ಲೇಖನಿ ಹಿಡಿದವರಲ್ಲಿ ಈ ಪಾದ್ರಿಗಳೂ ಒಬ್ಬರು. ‘ಅನುಭವ ಮಂಟಪದ ಐತಿಹಾಸಿಕತೆ’ 1951ರಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲು ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿಯ ವಚನಗಳನ್ನೂ, ಆಮೇಲೆ ಸಿದ್ಧರಾಮ, ಆದಯ್ಯರ ಸಾಹಿತ್ಯವನ್ನೂ ಸಂಪಾದಿಸಿದರು. ಮಾರಯ್ಯನ ಕಥೆಯನ್ನು ವಾಚಕರು ಬಲ್ಲರು. ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆಯ ಹೊರೆ ಮಾರಿ ಬದುಕಿದ ಶರಣನೆಂದು ಪುರಾಣಗಳು ಹೇಳುತ್ತವೆ. ಸಭೆಗಳು ಹುದ್ದೆಗಾಗಿ ಬಡಿದಾಡುವುದನ್ನು ಕಂಡ ಬೋಧಕನೊಬ್ಬನಿಗೆ, ಸಿಂಹಾಸನದಿಂದಿಳಿದು ಕಟ್ಟಿಗೆ ಹೊತ್ತವನ ಮಾತು ಹಿಡಿಸಿದ್ದರಲ್ಲಿ ವಿಶೇಷವಿಲ್ಲ.

1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕೂಡಿತು. ನಿಜಾಮರ ಆಳ್ವಿಕೆ ಕೊನೆಗೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಉರ್ದುವಿನ ಹಲಗೆ ಹೊರಗೆ ತೂಗಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರಂಥವರ ಸೀಮೆ ಅದು. ರಜಾಕಾರರ ಹಾವಳಿಯಲ್ಲಿ ಧರ್ಮದ ಹೆಸರಿನಿಂದ ಮನೆಗಳು ಸುಟ್ಟದ್ದನ್ನು ಆ ಜನ ಕಣ್ಣಾರೆ ಕಂಡಿದ್ದರು. ಅಂಥ ನೆಲದಲ್ಲಿ, ಅಂಥ ಹೊತ್ತಿನಲ್ಲಿ, ಕನ್ನಡಿಗರು ತಮ್ಮ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂಡಿಸಿದ್ದು ಒಬ್ಬ ಕ್ರೈಸ್ತ ಪಾದ್ರಿಯನ್ನು. ಅವರು ಯಾವ ಸಭೆಯವರು, ಯಾವ ಮಿಷನ್ನಿನವರು ಎಂಬ ಪ್ರಶ್ನೆ ಯಾರಿಗೂ ಮುಖ್ಯವೆನಿಸಲಿಲ್ಲ. ಚೀಲದ ಗುರುತನ್ನು ಬದಿಗಿಟ್ಟು ಕಾಳನ್ನು ನೋಡಿದ ದಿನ ಅದು.

ಉತ್ತಂಗಿಯವರು 1962ರಲ್ಲಿ ತೀರಿಕೊಂಡರು. ಅತ್ತ ಸಭೆಗಳನ್ನು ಕೂಡಿಸುವ ಯತ್ನಗಳೂ ನಡೆದವು. 1947ರ ಸೆಪ್ಟೆಂಬರಿನಲ್ಲಿ ಹಲವು ಪಂಗಡಗಳು ಸೇರಿ ದಕ್ಷಿಣ ಭಾರತ ಸಭೆಯಾಯಿತು. ಅದು ಲೋಕವೇ ಬೆರಗಾಗಿ ನೋಡಿದ ಐಕ್ಯ. ಬೀದರಿನ ಮೆಥೊಡಿಸ್ಟರು ಸೇರಿದ್ದ ಸಭೆ ಅದರಲ್ಲಿ ಕೂಡಲಿಲ್ಲ. 1970ರಲ್ಲಿ ಉತ್ತರ ಭಾರತದ ಸಭೆಗಳು ಒಂದಾದಾಗಲೂ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯಿತು. 1981ರಲ್ಲಿ ಸ್ವತಂತ್ರ ಮೆಥೊಡಿಸ್ಟ್ ಸಭೆಯಾಯಿತು. ಕೂಡಿದ್ದು ಸರಿಯೋ ಕೂಡದಿದ್ದುದು ಸರಿಯೋ, ಅದನ್ನು ಆ ಸಭೆಯವರೇ ಬಲ್ಲರು. ಆದರೆ ಕೂಡಿದ ಸಭೆಗಳಲ್ಲಿಯೂ ವ್ಯಾಜ್ಯಗಳು ನಿಂತಿಲ್ಲ, ಕೂಡದ ಸಭೆಗಳಲ್ಲಿಯೂ ನಿಂತಿಲ್ಲ. ಹಾಗೆಂದಮೇಲೆ ರೋಗದ ಮೂಲ ಸಂವಿಧಾನದ ಕಲಮುಗಳಲ್ಲಿ ಇರಲಿಕ್ಕಿಲ್ಲ. ಈ ಮಾತು ಕ್ರೈಸ್ತರಿಗಷ್ಟೇ ಅನ್ವಯಿಸುವುದೂ ಅಲ್ಲ. ಮಠಗಳ ಉತ್ತರಾಧಿಕಾರಕ್ಕಾಗಿ, ದೇವಸ್ಥಾನದ ಹುಂಡಿಗಾಗಿ, ದರ್ಗಾದ ಜಮೀನಿಗಾಗಿ ಕೋರ್ಟಿನ ಮೆಟ್ಟಿಲು ಸವೆಸಿದವರು ಎಲ್ಲ ಧರ್ಮಗಳಲ್ಲಿಯೂ ಉಂಟು.

ಬೇಸರಗೊಂಡ ಬೋಧಕನಿಗೆ ಈ ಚರಿತ್ರೆ ಏನು ಹೇಳುತ್ತದೆ? ಜಗಳವೆಲ್ಲ ತೀರಿದ ಮೇಲೆ ಕ್ರೈಸ್ತನಂತೆ ಬಾಳೋಣವೆಂದು ಕಾದು ಕುಳಿತರೆ ಆ ದಿನ ಬಾರದು. ಕಿಟೆಲ್ಲರು ಕಾಯಲಿಲ್ಲ, ಟಿಳಕರು ಕಾಯಲಿಲ್ಲ, ಉತ್ತಂಗಿಯವರೂ ಕಾಯಲಿಲ್ಲ. ಬೇಸರವನ್ನು ದೂರಿನ ಕಾಗದವಾಗಿಸದೆ ದುಡಿಮೆಯಾಗಿಸಿದರು. ಅವರ ಕಾಲದ ಸಭಾಕಲಹಗಳಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂಬುದನ್ನು ಇಂದು ಹಳೆಯ ದಫ್ತರಗಳಲ್ಲಿ ಹುಡುಕಬೇಕು. ಸರ್ವಜ್ಞನ ವಚನಗಳನ್ನಾದರೋ ಗಾಂಧಿ ಗಂಜಿನ ನೆರಳಿನಲ್ಲಿ ಬಂಡಿ ಬಿಟ್ಟು ಕುಳಿತ ಮುದುಕನೂ ಹೇಳುತ್ತಾನೆ. ಅವನ್ನು ಕೂಡಿಸಿಕೊಟ್ಟವರು ಒಬ್ಬ ಪಾದ್ರಿಗಳೆಂಬುದು ಅವನಿಗೆ ಗೊತ್ತಿರಲಿಕ್ಕಿಲ್ಲ. ಚನ್ನಪ್ಪನವರು ಇದಕ್ಕೆ ನೊಂದುಕೊಳ್ಳುತ್ತಿದ್ದರೆಂದು ನನಗೆ ತೋರುವುದಿಲ್ಲ.