ತೋಟಪ್ರವಾಸ (ಕೊಲ್ಲಾಪುರ ಪ್ರಾಂತ)

ಸಂದರ್ಶಕರು ತೋಟವನ್ನು ಹೊಕ್ಕು ಬೇಕಾದ ಫಲಗಳನ್ನು ಸ್ವಹಸ್ತದಿಂದ ಕೊಯ್ದು, ತೂಕಕ್ಕೆ ತಕ್ಕ ಬೆಲೆ ತೆತ್ತು ಒಯ್ಯುವ ಪದ್ಧತಿ. ಮಹಾರಾಷ್ಟ್ರ ಸರ್ಕಾರವು 2020ರಲ್ಲಿ ಕೃಷಿ ಪ್ರವಾಸೋದ್ಯಮ ನೀತಿಯನ್ನು ಅಂಗೀಕರಿಸಿತಾದರೂ, ಪಂಚಗಂಗೆಯ ಬಯಲಿನ ಕೊಲ್ಲಾಪುರ, ನೇಕಾರರ ನಗರವಾದ ಇಚಲಕರಂಜಿಗಳ ಸುತ್ತ ಕಬ್ಬಿನದೇ ಪ್ರಾಬಲ್ಯವಿರುವುದರಿಂದ, ಇಲ್ಲಿ ಅತಿಥಿಗೆ ದೊರೆಯುವುದು ಹಣ್ಣಿಗಿಂತ ಹೆಚ್ಚಾಗಿ ಗಾಣದ ಮನೆಯ ಕಬ್ಬಿನ ಹಾಲು ಮತ್ತು ಕೊಪ್ಪರಿಗೆಯಿಂದ ಆಗತಾನೆ ಇಳಿದ ಬಿಸಿಬೆಲ್ಲ. ಹಣ್ಣು ಕೀಳುವ ನಿಜವಾದ ಸುಖವನ್ನರಸುವವರು ಕನ್ನಡ, ಮರಾಠಿಗಳೆರಡೂ ಬಳಕೆಯಲ್ಲಿರುವ ಗಡಹಿಂಗ್ಲಜದಿಂದ ಪಶ್ಚಿಮಕ್ಕೆ, ಆಜರೆಯ ಗುಡ್ಡಗಳತ್ತ ಹೋಗತಕ್ಕದ್ದು. ಬೇಸಗೆಯ ಬಿಸಿಲಿನಲ್ಲಿ ಕಪ್ಪಾಗುವ ಕವಳಿಹಣ್ಣು ಅಲ್ಲಿ ಯಾರೂ ನೆಡದೆಯೆ ಬೆಳೆಯುತ್ತದೆ. ಕವಲುಮುಳ್ಳುಗಳ ನಡುವೆ ಬೆರಳಿಳಿಸಿ ತೊಟ್ಟು ಮುರಿದೊಡನೆ ಒಸರುವ ಬಿಳಿಯ ಹಾಲು ಕೈಗೂ ತುಟಿಗೂ ಅಂಟುವುದು; ಆದರೂ ತೊಳೆಯುವಷ್ಟು ತಾಳ್ಮೆ ಯಾರಿಗೂ ಇದ್ದಂತಿಲ್ಲ. ಗೇರುಹಣ್ಣನ್ನಾದರೋ ಬೀಜಕ್ಕಾಗಿ ಕೊಯ್ದು, ರಸಭರಿತವಾದ ತಿರುಳನ್ನು ಬಹುಮಟ್ಟಿಗೆ ಬಿಸುಡುವುದೇ ವಾಡಿಕೆ.