ಸಾಕ್ಷ್ಯದ ಹೊರೆ ಯಾರದು?

ಆಳಂದ, ಅಫಜಲಪುರ, ಜೇವರ್ಗಿಗಳ ಎರೆಭೂಮಿಯಲ್ಲಿ ತೊಗರಿ ಬೆಳೆದವರಿಗೆ ಎಂಡೋಸಲ್ಫಾನ್ ಅಪರಿಚಿತವಾದ ಹೆಸರಲ್ಲ. ಕಾಯಿಕೊರಕ ಹುಳುವಿನ ಹತೋಟಿಗೆ ದಶಕಗಳ ಕಾಲ ಶಿಫಾರಸಾಗುತ್ತಿದ್ದ ಕೀಟನಾಶಕಗಳಲ್ಲಿ ಅದೂ ಒಂದು. ಇಲ್ಲಿ ರೈತನು ತನ್ನ ಹೊಲಕ್ಕೆ ತಾನೇ ಸಿಂಪಡಿಸುತ್ತಿದ್ದನು. ಬೇಡವೆನಿಸಿದಾಗ ನಿಲ್ಲಿಸುವ ಸ್ವಾತಂತ್ರ್ಯವೂ ಅವನಿಗಿತ್ತು. ಆದರೆ ಕನ್ನಡ, ತುಳು ಭಾಷಿಕರು ನೆಲೆಸಿರುವ ಕೇರಳದ ಕಾಸರಗೋಡಿನಲ್ಲಿ ಅದೇ ವಿಷವು ಆಕಾಶದಿಂದ ಸುರಿಯಿತು. ಆ ಗುಡ್ಡಗಳ ತಪ್ಪಲಿನ ಜನರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಕೇರಳ ಸರ್ಕಾರದ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಷನ್ ಅಲ್ಲಿ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಗಿಲಾದ ಗೇರು ತೋಟಗಳನ್ನು ಹೊಂದಿತ್ತು. ಗೇರಿನ ಚಿಗುರು, ಹೂಗಳನ್ನು ಹಾಳುಮಾಡುವ ಟೀ ಸೊಳ್ಳೆಯನ್ನು ನಿವಾರಿಸಲು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗಿಡಗಳಿಂದ ಎರಡು ಮೂರು ಮೀಟರಿಗಿಂತ ಎತ್ತರದಿಂದ ಸಿಂಪಡಿಸಬಾರದೆಂಬ ನಿಯಮವನ್ನು ಏರುತಗ್ಗಿನ ಆ ಪ್ರದೇಶದಲ್ಲಿ ಪಾಲಿಸುವುದು ಸಾಧ್ಯವಿರಲಿಲ್ಲ. ಸಿಂಪಡಣೆಯ ದಿನ ಬಾವಿಗಳನ್ನು ಮುಚ್ಚಿಕೊಳ್ಳಬೇಕೆಂದು ಜನರಿಗೆ ತಿಳಿಸಲಾಗುತ್ತಿತ್ತು. ಆದರೆ ಎಣ್ಮಕಜೆ ಪಂಚಾಯತಿಯ ಪಡ್ರೆಯಂತಹ ಊರಿನಲ್ಲಿ ಕುಡಿಯುವ ನೀರು ಬರುತ್ತಿದ್ದುದು ಸುರಂಗಗಳಿಂದ, ತೋಡುಗಳಿಂದ. ಹರಿಯುವ ನೀರಿಗೆ ಮುಚ್ಚಳ ಹಾಕುವುದೆಂತು?

1979ರಲ್ಲಿಯೇ ಪತ್ರಕರ್ತ ಶ್ರೀ ಪಡ್ರೆಯವರು ಆ ಊರಿನಲ್ಲಿ ಅಂಗವಿಕಲ ಕರುಗಳು ಹುಟ್ಟುತ್ತಿರುವ ಬಗ್ಗೆ ಬರೆದರು. 1990ರ ದಶಕದಲ್ಲಿ ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ತಮ್ಮ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟುವಿಕಲತೆ, ಕ್ಯಾನ್ಸರುಗಳು ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸಿ ಎಚ್ಚರಿಸಿದರು. ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಮೂರು ವಿಜ್ಞಾಪನೆಗಳಿಗೂ ಬಂದ ಉತ್ತರ ಒಂದೇ: ರೋಗಕ್ಕೆ ಈ ಔಷಧವೇ ಕಾರಣವೆಂದು ತೋರಿಸಿರಿ.

ವಿಚಿತ್ರವೆಂದರೆ ದೇಶದ ಕಾನೂನು ಆ ವೇಳೆಗೆ ಬೇರೆಯದನ್ನೇ ಹೇಳಿತ್ತು. ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳ ವಿರುದ್ಧದ ವೆಲ್ಲೂರು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ, ತನ್ನ ಕಾರ್ಯವು ಪರಿಸರಕ್ಕೆ ನಿರಪಾಯಕಾರಿಯೆಂದು ಸಿದ್ಧಪಡಿಸುವ ಹೊಣೆ ಉದ್ಯಮಿಯದೇ ಎಂದು ಸಾರಿತ್ತು. ಆ ತೀರ್ಪಿನ ನಂತರವೂ ನಾಲ್ಕು ವರ್ಷ ಸಿಂಪಡಣೆ ನಡೆಯಿತು.

ಬಳಿಕ ಪರೀಕ್ಷೆಗಳ ಸರದಿ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ಜನರ ರಕ್ತದಲ್ಲಿ ಎಂಡೋಸಲ್ಫಾನ್ ಅಂಶವನ್ನು ಕಂಡಿತು. ನಿಗಮವು ಮಾಡಿಸಿದ ಪರೀಕ್ಷೆ ಅದನ್ನು ಒಪ್ಪಲಿಲ್ಲ. ಮರುವರ್ಷ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಮಕ್ಕಳ ಆರೋಗ್ಯದಲ್ಲಿ ವ್ಯತ್ಯಾಸಗಳನ್ನು ದಾಖಲಿಸಿತು. ಕಾರ್ಯಕಾರಣ ಸಂಬಂಧವನ್ನು ಪ್ರಶ್ನಿಸುವ ವಿಜ್ಞಾನಿಗಳು ಆಮೇಲೂ ಇದ್ದರು. ವಿಜ್ಞಾನದಲ್ಲಿ ಸಂದೇಹಕ್ಕೆ ಸ್ಥಾನವಿದೆ. ಆದರೆ ಇಲ್ಲಿ ಸಂದೇಹದ ಲಾಭವು ಮಗುವಿಗೆ ಸಿಗಲಿಲ್ಲ, ವಿಷಕ್ಕೆ ಸಿಕ್ಕಿತು.

2011ರ ಏಪ್ರಿಲಿನಲ್ಲಿ ಜಿನೀವಾದ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿತು. ಮೇ 13ರಂದು ಸುಪ್ರೀಂ ಕೋರ್ಟು ಅದರ ಉತ್ಪಾದನೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು ಕೇರಳಕ್ಕೆ ಆದೇಶಿಸಿತು. ಐದು ವರ್ಷ ಕಳೆದ ಮೇಲೆ, 2022ರ ಮೇ ತಿಂಗಳಲ್ಲಿ, 3,704 ಸಂತ್ರಸ್ತರ ಪೈಕಿ ಹಣ ಮುಟ್ಟಿದ್ದು ಕೇವಲ ಎಂಟು ಮಂದಿಗೆಂಬುದು ನ್ಯಾಯಾಲಯದ ಗಮನಕ್ಕೆ ಬಂತು. ಆ ಎಂಟು ಮಂದಿ ಆದೇಶೋಲ್ಲಂಘನೆಯ ದಾವೆ ಹೂಡಿ ಮತ್ತೆ ಕೋರ್ಟಿನ ಮೆಟ್ಟಿಲೇರಿದವರು.

ಗಡಿಯ ಈಚೆಗೂ ಇದೇ ಕಥೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಸುತ್ತಲಿನ ಗೇರು ತೋಟಗಳು ಕರ್ನಾಟಕದ್ದೇ ನಿಗಮಕ್ಕೆ ಸೇರಿದ್ದವು. ಅಲ್ಲಿಯ ಮನೆಗಳಲ್ಲಿಯೂ ಹಾಸಿಗೆ ಹಿಡಿದ ಮಕ್ಕಳನ್ನು ತಾಯಂದಿರು ಸಾಕಿದರು. ಲಾಭಕೋರ ಖಾಸಗಿ ಕಂಪನಿಯೇ ಹಿಂಸೆಯ ಮೂಲವೆಂಬ ನಂಬಿಕೆಯನ್ನು ಈ ಇತಿಹಾಸ ಅಲುಗಾಡಿಸುತ್ತದೆ. ಜನರ ಹೆಸರಿನಲ್ಲಿ ನಡೆಯುವ ಸಂಸ್ಥೆಗೂ ಕಣ್ಣು ಮಂಜಾಗಬಹುದು.

ಕೊಲ್ಲುವ ಸಂಕಲ್ಪ ಇಲ್ಲಿ ಯಾರಿಗೂ ಇರಲಿಲ್ಲ. ಆದರೆ ಪ್ರಮಾದದಿಂದಾದ ಪ್ರಾಣಹಾನಿಯೂ ಹಿಂಸೆಯೇ ಎಂದು ನಮ್ಮ ಆಚಾರ್ಯರು ತಿಳಿಸಿದ್ದಾರೆ. ಎಚ್ಚರಿಕೆ ಕಿವಿಗೆ ಬಿದ್ದ ಮೇಲಿನ ಪ್ರಮಾದಕ್ಕಂತೂ ಅಜ್ಞಾನದ ಆಸರೆ ಇಲ್ಲ. ಇಂದು ಹೊಲಗಳ ಮೇಲೆ ಡ್ರೋನುಗಳು ಔಷಧ ಸಿಂಪಡಿಸತೊಡಗಿವೆ. ಸಾಕ್ಷ್ಯವನ್ನು ಯಾರಿಂದ ಕೇಳಬೇಕೆಂಬುದನ್ನು ಮಕ್ಕಳು ಹಾಸಿಗೆ ಹಿಡಿಯುವ ಮೊದಲೇ ನಿಶ್ಚಯಿಸಬೇಕು.